ಮಧ್ಯಾಹ್ನಕ್ಕೆ ಅಳುವ ಮಿಷನ್

"ನಿನ್ನ ಮಿಷನ್ ಅಳ್ತೈತೆ ಕಣಪ್ಪ."

ತಾತ ಡಬ್ಬಿಯನ್ನು ನನ್ನ ಟೇಬಲ್ ಮೇಲಿಟ್ಟು ನಿಂತೇ ಇದ್ದರು. ಕೂರಿ ಎಂದೆ. ಕೇಳಿಸಲಿಲ್ಲ. ಕುರ್ಚಿ ತೋರಿಸಿದೆ. ಕೂತರು.

ನಾನು ಜೆ.ಪಿ. ನಗರದಲ್ಲಿ ಕಿವಿ ಮಿಷನ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಿವಿ ಪರೀಕ್ಷೆ ಮಾಡಿ ಯಾರಿಗೆ ಯಾವ ಮಿಷನ್ ಎಂದು ತೀರ್ಮಾನ ಮಾಡುವವರು ಮೇಡಂ. ಅವರು ಅದಕ್ಕೇ ಓದಿದವರು. ಕಿವಿಯ ಅಚ್ಚು ತೆಗೆಯುವುದು, ಆ ಅಚ್ಚಿನಿಂದ ಮಾಡಿ ಬಂದ ಮೋಲ್ಡ್ ಉಜ್ಜುವುದು, ಟ್ಯೂಬ್ ಹಾಕುವುದು, ಗುಗ್ಗೆ ಕಟ್ಟಿಕೊಂಡರೆ ಕ್ಲೀನ್ ಮಾಡುವುದು, ಕರೆದರೆ ಮನೆಗೆ ಹೋಗಿ ನೋಡುವುದು ನನ್ನ ಪಾಲು. ಮೇಡಂ ಹೇಳಿಕೊಟ್ಟ ಮೇಲೆ ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ ಕೂಡ ಮಾಡುತ್ತೇನೆ, ಆದರೆ ಅವರನ್ನು ಕೇಳದೆ ಮುಟ್ಟುವುದಿಲ್ಲ. ನನ್ನ ಓದು ಒಂಬತ್ತನೇ ಕ್ಲಾಸಿಗೇ ನಿಂತಿತು. ನನ್ನ ವಿಷಯ ಇಷ್ಟು ಸಾಕು.

ತಾತ ತಲಘಟ್ಟಪುರದವರು. ಹಳೇ ಊರಿನ ಗೌಡರು. ಮೊದಲು ಬೇಸಾಯ, ಈಗ ನಾಲ್ಕು ಮನೆ ಬಾಡಿಗೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಮೆಟ್ರೋದಲ್ಲಿ ಒಬ್ಬರೇ ಬಂದು ಒಬ್ಬರೇ ಹೋಗುತ್ತಾರೆ. ಯಾರಾದರೂ ಜೊತೆಗೆ ಬರುತ್ತೇನೆ ಎಂದರೆ ಸಿಟ್ಟು. ಅವರಿಗೆ ಎರಡೂ ಕಿವಿ ಒಂದೇ ಸಮ ಹೋಗಿತ್ತು. ದಪ್ಪ ಸದ್ದು ಪರವಾಗಿಲ್ಲ, ಸಣ್ಣ ಚೂಪು ಸದ್ದು ಪೂರ್ತಿ ಇಲ್ಲ. ಬಸ್ಸು ಬಂದರೆ ಗೊತ್ತಾಗುತ್ತದೆ, ಕುಕ್ಕರ್ ಕೂಗಿದರೆ ಗೊತ್ತಾಗುವುದಿಲ್ಲ. ಇಂಥದ್ದು ಒಂದು ದಿನಕ್ಕೆ ಆಗುವುದಲ್ಲ, ಹತ್ತಾರು ವರ್ಷ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಅದಕ್ಕೇ ಕಿವಿ ಹೋದವರಿಗೇ ಅದು ಕೊನೆಗೆ ಗೊತ್ತಾಗುವುದು ಎಂದು ಮೇಡಂ ಹೇಳುತ್ತಾರೆ. ಎರಡು ಕಿವಿಗೂ ಮಿಷನ್ ಹಾಕಿಕೊಳ್ಳಿ ಎಂದು ಮೇಡಂ ಎಷ್ಟು ಹೇಳಿದರೂ ತಾತ ಒಪ್ಪಲಿಲ್ಲ.

"ಒಂದ್ರಲ್ಲಿ ಕೇಳುದ್ರೆ ಸಾಕಮ್ಮ. ಇನ್ನೊಂದ್ರಲ್ಲಿ ಬಿಡಕ್ಕೆ ಬೇಕಲ್ಲ."

ಬಲಗಿವಿಗೆ ಮಾತ್ರ ಕೊಟ್ಟೆವು. ತಿಂಗಳ ಟ್ರಯಲ್. ಬೇಡ ಎನಿಸಿದರೆ ವಾಪಸ್ ತರಬಹುದು. ಈಗ ಟ್ರಯಲ್ ಅರ್ಧ ಮುಗಿದಿತ್ತು, ಮಿಷನ್ ಅಳುತ್ತಿದೆ ಎನ್ನುತ್ತಿದ್ದರು.

ಅಳುವುದು ಎಂದರೆ ನಮ್ಮ ಕಡೆ ಒಂದೇ ಅರ್ಥ. ಸೀಟಿ. ಮೋಲ್ಡ್ ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಒಳಗೆ ಹೋದ ಸದ್ದು ಸಂದಿಯಿಂದ ಹೊರಗೆ ಬಂದು ಮತ್ತೆ ಮೈಕಿಗೆ ಬೀಳುತ್ತದೆ, ಮತ್ತೆ ದೊಡ್ಡದಾಗುತ್ತದೆ, ಸುತ್ತುತ್ತಲೇ ಇರುತ್ತದೆ. ನಾನು ಮಿಷನ್ ತೆಗೆದುಕೊಂಡು ಅಂಗೈಯಲ್ಲಿ ಮುಚ್ಚಿ ಹಿಡಿದೆ. ಹಾಗೆ ಹಿಡಿದರೆ ಸೀಟಿ ಬರಬೇಕು, ಬಂತು. ಜೀವ ಇದೆ ಎಂದರ್ಥ. ಸ್ಟೆತಾಸ್ಕೋಪಿನ ಥರದ ಕೊಳವೆ ಹಾಕಿ ನಾನೇ ಕೇಳಿದೆ. ಶುದ್ಧವಾಗಿತ್ತು. ಬ್ಯಾಟರಿ ಸರಿ. ಗುಗ್ಗೆ ಇಲ್ಲ. ತಾತನ ಕಿವಿಗೆ ಹಾಕಿ ದವಡೆ ಆಡಿಸಿ ಎಂದೆ, ಆಕಳಿಸಿ ಎಂದೆ, ಕಿವಿಯ ಹತ್ತಿರ ಫೋನ್ ಹಿಡಿದೆ. ಒಂದು ಚೂರೂ ಸೀಟಿ ಇಲ್ಲ.

"ಈಗ ಅಳ್ತಾ ಇದೆಯಾ ತಾತ?"

"ಈಗ್ಲಿಲ್ಲ. ಮನೇಲಿ ಅಳ್ತೈತೆ. ಮಧ್ಯಾಹ್ನಕ್ಕೆ."

ಮಧ್ಯಾಹ್ನಕ್ಕೆ ಅಳುವ ಮಿಷನ್ ನಾನು ನೋಡಿರಲಿಲ್ಲ. ಉಂಡ ಮೇಲೆ ಮಲಗುತ್ತಾರೇನೋ, ಮಗ್ಗುಲಾದಾಗ ಮೋಲ್ಡ್ ಸರಿಯುತ್ತದೇನೋ ಎಂದುಕೊಂಡೆ. ಹೊಸ ಅಚ್ಚು ತೆಗೆಯೋಣ ಎಂದೆ. ದಾರ ಕಟ್ಟಿದ ಹತ್ತಿ ಉಂಡೆಯನ್ನು ಪುಟ್ಟ ಲೈಟಿನ ಕಡ್ಡಿಯಿಂದ ಕಿವಿಯ ಒಳಗೆ ತಳ್ಳಿ ಕೂರಿಸಿದೆ. ಅದು ಸರಿಯಾಗಿ ಕೂರದಿದ್ದರೆ ಅಚ್ಚಿನ ಪೇಸ್ಟು ಕಿವಿಪರದೆಯ ತನಕ ಹೋಗಿಬಿಡುತ್ತದೆ, ಆಮೇಲೆ ಡಾಕ್ಟರೇ ಗತಿ. ಎರಡು ಬಣ್ಣದ ಪೇಸ್ಟು ಕಲಸಿ ಸಿರಿಂಜಿಗೆ ತುಂಬಿ ಕಿವಿಗೆ ಬಿಟ್ಟೆ. ಅದು ಗಟ್ಟಿಯಾಗುವ ತನಕ ತಾತ ಒಂದು ಕಡೆ ಬಾಗಿಕೊಂಡು ಗೋಡೆ ನೋಡುತ್ತಾ ಕೂತಿದ್ದರು. ಮಾತಾಡಬಾರದು ಎಂದಿದ್ದೆ. ಆದರೂ ಸುಮ್ಮನಿರಲಿಲ್ಲ. ತಲಘಟ್ಟಪುರದಲ್ಲಿ ಈಗ ಏನೂ ಉಳಿದಿಲ್ಲ, ಎಲ್ಲ ಸೈಟು, ಎಲ್ಲ ಟಾರು ಎಂದು ಬೈಯುತ್ತಿದ್ದರು. ಬಾಯಿ ಆಡಿಸಿದರೆ ಅಚ್ಚು ಕೆಡುತ್ತದೆ. ಇನ್ನೊಂದು ಸಲ ತೆಗೆಯಬೇಕಾಯಿತು.

ಹೊಸ ಮೋಲ್ಡ್ ಬಂತು. ಗಾಳಿಯಾಡುವ ತೂತು ಚಿಕ್ಕದು ಮಾಡಿದೆ. ಟ್ಯೂಬ್ ಬದಲಾಯಿಸಿದೆ. ತಾತ ಹಾಕಿಕೊಂಡು ಹೋದರು. ಮತ್ತೆ ಬಂದರು.

"ಅಳ್ತೈತೆ."

ಆ ಮಿಷನ್ ಬಿಚ್ಚಿಟ್ಟು ಅದೇ ಥರದ ಡೆಮೊ ಮಿಷನ್ ಹಾಕಿ ಕಳಿಸಿದೆ. ಅದೂ ಮಧ್ಯಾಹ್ನಕ್ಕೆ ಅತ್ತಿತಂತೆ. ಅವರ ಮಿಷನ್ನನ್ನೇ ಮತ್ತೆ ಹಾಕಿಕೊಟ್ಟೆ. ಹೇಗೆ ಅಳುತ್ತದೆ ಎಂದು ಕೇಳಿದೆ. ತಾತ ಕೈಯನ್ನು ಗಾಳಿಯಲ್ಲಿ ಅಲೆಯ ಹಾಗೆ ಆಡಿಸಿ ತೋರಿಸಿದರು. ಏರುತ್ತದೆ, ಒಡೆಯುತ್ತದೆ, ನಡುಗುತ್ತದೆ, ತೂತು ಬಿದ್ದ ಪೀಪಿ ಊದಿದ ಹಾಗೆ. ಬಚ್ಚಲಲ್ಲಿ ಇಲ್ಲ, ಹಾಲ್‌ನಲ್ಲಿ ಕಮ್ಮಿ, ಹಿತ್ತಲ ಜಗಲಿಯ ಮೇಲೆ ಜಾಸ್ತಿ. ಅವರು ದಿನಾ ಕೂರುವುದು ಅಲ್ಲೇ.

ಆವತ್ತು ಹೋಗುವಾಗ ಅವರು ಬಾಗಿಲ ಹತ್ತಿರ ನಿಂತು ಹೇಳಿದ್ದು ನನಗೆ ಹಿಡಿಸಲಿಲ್ಲ. "ನಿಂಗೂ ಸಾಕಾಗೈತೆ, ನಂಗೂ ಸಾಕಾಗೈತೆ. ವಾಪಸ್ ಏನ್ ಕೊಡದು, ಬೀರೂಲಿ ಇಟ್ಬುಡ್ತೀನಿ. ಮಾಡ್ಸಿದೀನಿ ಅಂತಾದ್ರೂ ಹೆಂಡ್ತಿಗೆ ಸಮಾಧಾನ ಆಯ್ತದೆ."

ಬೀರು ಎಂದರೆ ಮುಗಿಯಿತು. ವಾಪಸ್ ಬಂದ ಮಿಷನ್ನಾದರೂ ಇನ್ನೊಬ್ಬರ ಕಿವಿಗೆ ಹೋಗುತ್ತದೆ. ಬೀರು ಸೇರಿದ್ದು ಅಲ್ಲೇ ಸಾಯುತ್ತದೆ, ಅದರ ಜೊತೆಗೆ ಆ ಮನುಷ್ಯರೂ ಮೂಲೆ ಸೇರುತ್ತಾರೆ. ಮೊದಲು ಫೋನ್ ಎತ್ತುವುದು ಬಿಡುತ್ತಾರೆ, ಆಮೇಲೆ ಮದುವೆ ಮನೆಗೆ ಹೋಗುವುದು ಬಿಡುತ್ತಾರೆ, ಆಮೇಲೆ ಯಾರು ಏನು ಹೇಳಿದರೂ ಹೂಂ ಎನ್ನಲು ಶುರು ಮಾಡುತ್ತಾರೆ. ಈ ತಾತ ಹೂಂ ಎನ್ನುವ ಜಾತಿಯವರಲ್ಲ. ಜಗಳಗಂಟ ಮನುಷ್ಯ. ಅವರು ಹಾಗೇ ಇರಲಿ ಎಂದು ನನ್ನ ಆಸೆ.

ಮೇಡಂಗೆ ಹೇಳಿದೆ. ಮನೆಗೆ ಹೋಗಿ ನೋಡು, ಅವರು ಕೂರುವ ಜಾಗದಲ್ಲೇ ಕೂತು ಕೇಳು ಎಂದರು.

ಹೋದೆ. ಮೆಟ್ರೋ ಇಳಿದು ಒಳಗೆ ಸ್ವಲ್ಪ ನಡೆಯಬೇಕು. ಮುಂದೆ ಬಾಡಿಗೆ ಮನೆಗಳು, ಹಿಂದೆ ತಾತನ ಮನೆ, ಅದರ ಹಿಂದೆ ಹಿತ್ತಲು. ಹಿತ್ತಲಿಗೆ ಪೂರ್ತಿ ಸಿಮೆಂಟು ಬಳಿದಿದ್ದರು. ಒಂದು ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು, ಜಗಲಿ. ಎದೆಮಟ್ಟದ ಕಾಂಪೌಂಡ್ ಗೋಡೆ. ಗೋಡೆಯಾಚೆ ಒಂದು ಹಳೇ ಮಾವಿನ ಮರ, ಅದರ ಹಿಂದೆ ಸಾಲಾಗಿ ಹೊಸ ಮನೆಗಳು. ಗೋಡೆಯ ಮೂಲೆಗೆ ಒಂದು ಟ್ರಾನ್ಸ್‌ಫಾರ್ಮರ್.

ಆಚೆ ಕಡೆಯಿಂದ ತಾತನ ಮುಖವನ್ನೇ ಹೋಲುವ ಒಬ್ಬರು, ವಯಸ್ಸು ಸ್ವಲ್ಪ ಕಮ್ಮಿ, ಗೋಡೆಯ ಮೇಲೆ ಕೈ ಊರಿಕೊಂಡು ನನ್ನನ್ನು ಮೆಲ್ಲಗೆ ಕೇಳಿದರು, ಅಣ್ಣನಿಗೆ ಕೇಳಿಸುವ ಹಾಗಾಯಿತಾ ಎಂದು. ಇನ್ನೂ ಪೂರ್ತಿ ಸರಿಹೋಗಿಲ್ಲ ಎಂದೆ. ತಾತ ಜಗಲಿಗೆ ಬಂದ ತಕ್ಷಣ ಅವರು ಒಳಗೆ ಹೋಗಿಬಿಟ್ಟರು. ತಾತ ಆ ಕಡೆ ತಿರುಗಲೂ ಇಲ್ಲ. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಅಣ್ಣತಮ್ಮಂದಿರ ಮಧ್ಯೆ ಗೋಡೆ ಇರುವ ಮನೆಗಳನ್ನು ಎಷ್ಟೋ ನೋಡಿದ್ದೇನೆ.

ಜಗಲಿಯ ಮೇಲೆ ಕೂತೆ. ಬಿಸಿಲು ಏರುತ್ತಿದ್ದಂತೆ ನನಗೂ ಕೇಳಿಸಿತು. ಒಂದೇ ಸಮನೆ ಸುಯ್ಯೋ ಎನ್ನುವ ಸದ್ದು, ದೊಡ್ಡದು, ತಲೆಯ ಮೇಲಿಂದ ಸುರಿದ ಹಾಗೆ. ನಾನು ಟ್ರಾನ್ಸ್‌ಫಾರ್ಮರ್ ನೋಡಿದೆ. ಖುಷಿಯಾಯಿತು. ಕಳ್ಳ ಸಿಕ್ಕಿದ ಎಂದುಕೊಂಡೆ. ಇದರಲ್ಲಿ ನನ್ನ ಲೆಕ್ಕವೂ ಇತ್ತು. ಮಿಷನ್ ಒಳಗೆ ಫೋನ್ ಮಾತು ಹಿಡಿಯಲು ಒಂದು ಪುಟ್ಟ ಸುರುಳಿ ಇರುತ್ತದೆ. ಹತ್ತಿರದಲ್ಲಿ ಕರೆಂಟಿನ ದೊಡ್ಡ ಸಾಮಾನು ಇದ್ದರೆ ಆ ಸುರುಳಿ ಅದರ ಸದ್ದನ್ನೂ ಹಿಡಿದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕ ಕೂತರೆ ಅಳದೆ ಇನ್ನೇನು? ನಾನು ಹುಟ್ಟಿ ಬೆಳೆದದ್ದು ಬಿಟಿಎಂ ಲೇಔಟಿನ ಗಲ್ಲಿಯಲ್ಲಿ. ಅಲ್ಲಿ ಸುಯ್ಯೋ ಎನ್ನುವುದೆಲ್ಲ ಕರೆಂಟಿನದ್ದೇ.

ಸುರುಳಿ ಆಫ್ ಮಾಡಿದೆ. ತಾತ ತಲೆಯಾಡಿಸಿದರು. ಇನ್ನೂ ಅಳುತ್ತಿದೆ. ಹಾಗಾದರೆ ಮೈಕಿನಿಂದಲೇ ಬರುತ್ತಿದೆ ಎಂದು ಮೇಡಂಗೆ ಫೋನ್ ಮಾಡಿ, ಚೂಪು ಸದ್ದನ್ನು ತಗ್ಗಿಸಲೇ ಎಂದು ಕೇಳಿದೆ. ಇರುವ ಸೆಟ್ಟಿಂಗ್ ಹಾಗೇ ಇಟ್ಟು ಎರಡನೇ ಪ್ರೋಗ್ರಾಮಿನಲ್ಲಿ ತಗ್ಗಿಸಿ ನೋಡು, ಆದರೆ ಆರು ಸದ್ದಿನ ಪರೀಕ್ಷೆ ಮಾಡು ಎಂದರು. ತಗ್ಗಿಸಿದೆ. ತಾತನ ಮುಖ ಸಡಿಲವಾಯಿತು.

"ಹಾಂ. ಈಗ ಬಾಯ್ ಮುಚ್ತು."

ಪರೀಕ್ಷೆ ಎಂದರೆ ಬಾಯಿಗೆ ಪೇಪರ್ ಅಡ್ಡ ಹಿಡಿದು ಆ, ಊ, ಈ, ಮ, ಶ, ಸ ಎನ್ನುವುದು. ಕೇಳಿಸಿದ್ದನ್ನು ಅವರು ಹೇಳಬೇಕು. ಮೊದಲ ನಾಲ್ಕು ಹೇಳಿದರು. ಶ ಎಂದೆ. ಸುಮ್ಮನಿದ್ದರು. ಸ ಎಂದೆ. ನಾನು ಹೇಳೇ ಇಲ್ಲವೇನೋ ಎಂಬಂತೆ ನೋಡುತ್ತಿದ್ದರು. ಮೊದಲಿನ ಸೆಟ್ಟಿಂಗಿನಲ್ಲಿ ಇವೆರಡೂ ಚೆನ್ನಾಗಿ ಕೇಳಿಸುತ್ತಿದ್ದವು. ಇದು ಸರಿಹೋಗಲಿಲ್ಲ, ಮಾತು ಕೇಳಬೇಕಾದರೆ ಮೊದಲನೆಯದೇ ಹಾಕಿಕೊಳ್ಳಿ, ಬಟನ್ ಒತ್ತಿದರೆ ಬದಲಾಗುತ್ತದೆ ಎಂದು ಹೇಳಿಕೊಟ್ಟು ಬಂದೆ.

ತಾತ ಬಟನ್ ಒತ್ತಲೇ ಇಲ್ಲ. ಎರಡನೆಯದರಲ್ಲೇ ಇದ್ದರು. ನಾಲ್ಕು ದಿನ ಬಿಟ್ಟು ಅಜ್ಜಿ ಅಂಗಡಿಗೆ ಫೋನ್ ಮಾಡಿದರು. ತಾತನ ಹೆಂಡತಿ. ಆವರೆಗೂ ನಾನು ಅವರ ಮಾತು ಕೇಳಿರಲಿಲ್ಲ, ಮಜ್ಜಿಗೆ ಕೊಟ್ಟು ಒಳಗೆ ಹೋಗಿದ್ದರು ಅಷ್ಟೆ.

"ಅದೇನ್ ಮಾಡ್ಬುಟ್ಟೋದ್ಯಪ್ಪ? ಇಷ್ಟ್ ದಿನ ಚೆಂದಾಗ್ ಮಾತಾಡ್ಕೊಂಡಿದ್ರು. ಈಗ ಮತ್ತೆ ಆಂ ಅಂತಾರೆ. ಮಿಷನ್ನು ಇದ್ರೂ ಆಂ, ಇಲ್ದಿದ್ರೂ ಆಂ."

ಮಾರನೇ ದಿನ ಮತ್ತೆ ಹೋದೆ. ತಾತ ಉಂಡು ಒಳಗೆ ಮಲಗಿದ್ದರು. ಅಜ್ಜಿ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ಸುಯ್ಯೋ ಸದ್ದು ಜೋರಾಗಿತ್ತು. ಅಜ್ಜಿಗೆ ಟ್ರಾನ್ಸ್‌ಫಾರ್ಮರ್ ತೋರಿಸಿ, ಇದರ ಮೇಲೆ ಒಂದು ಕಂಪ್ಲೇಂಟ್ ಕೊಡಿ, ಇಲ್ಲದಿದ್ದರೆ ತಾತ ಜಗಲಿ ಬಿಟ್ಟು ಮುಂದಿನ ಹಾಲ್‌ನಲ್ಲಿ ಕೂರಲಿ ಎಂದೆ. ಅಜ್ಜಿ ಮೊರ ನಿಲ್ಲಿಸಿ ನನ್ನನ್ನೇ ನೋಡಿದರು. ಏನೋ ಹೇಳಲು ಹೋದವರು ಒಳಗಿನ ಬಾಗಿಲ ಕಡೆ ನೋಡಿ ಮತ್ತೆ ಕೇರತೊಡಗಿದರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಒಳಗಿನ ಫ್ಯಾನ್ ನಿಂತಿತು, ಪಕ್ಕದ ಮನೆಯ ಮೋಟಾರ್ ನಿಂತಿತು, ಬೀದಿಯೇ ಸತ್ತ ಹಾಗಾಯಿತು. ಸುಯ್ಯೋ ಸದ್ದು ಮಾತ್ರ ನಿಲ್ಲಲಿಲ್ಲ. ಬೇರೆಲ್ಲ ನಿಂತದ್ದಕ್ಕೆ ಇನ್ನೂ ದೊಡ್ಡದಾಯಿತು.

ನಾನು ಟ್ರಾನ್ಸ್‌ಫಾರ್ಮರ್ ನೋಡಿದೆ. ಅಜ್ಜಿಯನ್ನು ನೋಡಿದೆ. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

"ಅದು ಜೀರುಂಡೆ ಕಣಪ್ಪ."

ನನಗೆ ನಂಬಿಕೆ ಬರಲಿಲ್ಲ. ಜೀರುಂಡೆ ಎಂದರೆ ರಾತ್ರಿ ಬಚ್ಚಲ ಮೂಲೆಯಲ್ಲಿ ಒಂದೊಂದೇ ಕೂಗುವುದು ಎಂದುಕೊಂಡಿದ್ದೆ. ಇದು ಬೇರೆ, ಮರದ್ದು ಎಂದರು ಅಜ್ಜಿ. ನೆಲದ ಒಳಗೆ ಬೇರು ಚೀಪಿಕೊಂಡು ವರ್ಷಗಟ್ಟಲೆ ಇರುತ್ತದೆ. ಭರಣಿ ಮಳೆ ಬಿದ್ದು ಮಣ್ಣು ಮೆತ್ತಗಾದರೆ ತೂತು ಕೊರೆದುಕೊಂಡು ಮೇಲೆ ಬರುತ್ತದೆ, ಮರ ಹತ್ತಿ ಬೆನ್ನು ಸೀಳಿಕೊಂಡು ಚಿಪ್ಪು ಬಿಟ್ಟು ರೆಕ್ಕೆ ಕಟ್ಟಿಕೊಳ್ಳುತ್ತದೆ. ಆಮೇಲೆ ಸಾಯುವ ತನಕ ಕೂಗುವುದೇ ಕೆಲಸ. ಕೆಲವು ವರ್ಷ ಅಷ್ಟಕ್ಕಷ್ಟೇ, ಕೆಲವು ವರ್ಷ ಹೀಗೆ, ನೆಲವೇ ಬಾಯಿ ಬಿಟ್ಟ ಹಾಗೆ. ಅಜ್ಜಿ ಒಗೆಯುವ ಕಲ್ಲಿನ ಹಿಂದೆ ಇಟ್ಟಿದ್ದ ಹಳೇ ಮೊರದಲ್ಲಿನ ಕಸ ತೋರಿಸಿದರು. ಒಣ ಎಲೆಗಳ ಮಧ್ಯೆ ಕಂದು ಬಣ್ಣದ ಖಾಲಿ ಚಿಪ್ಪುಗಳು, ಕಾಲು, ಕಣ್ಣು ಎಲ್ಲ ಹಾಗೇ ಇದ್ದವು, ಬೆನ್ನು ಮಾತ್ರ ಸೀಳಿತ್ತು. ಮಾವಿನ ಕೊಂಬೆಯಿಂದ ಗೋಡೆ ದಾಟಿ ಈ ಕಡೆ ಬೀಳುತ್ತವಂತೆ. ತಾತ ಏಳುವ ಮೊದಲು ಅಜ್ಜಿ ದಿನಾ ಗುಡಿಸಿ ತೆಗೆಯುತ್ತಾರೆ.

ತೆಗೆಯುವುದು ಯಾಕೆ ಎಂದು ಕೇಳಿದೆ. ಅಜ್ಜಿ ತಗ್ಗಿದ ದನಿಯಲ್ಲಿ ಹೇಳಿದರು, ತಾತನಿಗೆ ಹೇಗೂ ಕೇಳಿಸುವುದಿಲ್ಲವಾದರೂ.

ಗೋಡೆಯಾಚೆ ಇದ್ದದ್ದು ಮಾವಿನ ತೋಪು. ಪಾಲಾದಾಗ ತಮ್ಮನಿಗೆ ಹೋಯಿತು. ತಮ್ಮ ಒಂದು ಮರ ಬಿಟ್ಟು ಉಳಿದದ್ದನ್ನು ಕಡಿಸಿ ಸೈಟು ಮಾಡಿ ಟಾರು ಹಾಕಿಸಿದರು. ಆ ಹೊತ್ತಿಗೇ ತಾತನ ಕಿವಿ ಮೆಲ್ಲಗೆ ಹೋಗುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ, ಅವರಿಗಂತೂ ಇಲ್ಲವೇ ಇಲ್ಲ. ಒಂದು ವರ್ಷ ಮಳೆ ಬಿದ್ದ ಮೇಲೆ ಜಗಲಿಯ ಮೇಲೆ ಕೂತು ಕಾದರು. ಕೂಗಲಿಲ್ಲ. ಮಾರನೇ ವರ್ಷವೂ ಕೂಗಲಿಲ್ಲ. ಚಿಕ್ಕಂದಿನಲ್ಲಿ ಅಣ್ಣತಮ್ಮ ಇಬ್ಬರೂ ಆ ಚಿಪ್ಪುಗಳನ್ನು ಬಿಲ್ಲೆಯ ಹಾಗೆ ಅಂಗಿಗೆ ಸಿಕ್ಕಿಸಿಕೊಂಡು ಪೊಲೀಸ್ ಆಗಿ ತೋಪಿನಲ್ಲಿ ಓಡಾಡಿದವರು. ತಾತ ಗೋಡೆಯ ಹತ್ತಿರ ಹೋಗಿ ತಮ್ಮನಿಗೆ, ನೆಲದ ಒಳಗಿದ್ದ ಜೀವವನ್ನು ಟಾರು ಹಾಕಿ ಹೂತುಬಿಟ್ಟೆ, ನಿನ್ನ ಮುಖ ನೋಡುವುದಿಲ್ಲ ಎಂದರು. ಅವತ್ತಿನಿಂದ ನೋಡಿಲ್ಲ. ತಮ್ಮ, ಕೂಗುತ್ತಿದೆ ಅಣ್ಣ ಎಂದದ್ದಕ್ಕೆ, ಸುಳ್ಳು ಬೇರೆ ಹೇಳುತ್ತಾನೆ ಎಂದು ಜಾಸ್ತಿ ಸಿಟ್ಟು. ಅಜ್ಜಿ ಹೇಳಿ ನೋಡಿದರು, ಅದು ನಿನ್ನ ಕಿವಿಯ ದೋಷ ಎಂದು ತಾತನಿಂದ ಬೈಸಿಕೊಂಡರು. ಚಿಪ್ಪು ತಂದು ತೋರಿಸಿದರು, ಅದು ಹೋದ ವರ್ಷದ್ದು ಎಂದರು ತಾತ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ, ಚಿಪ್ಪು ಕಂಡರೆ ಮತ್ತೆ ಜಗಳ ಎಂದು ಅಜ್ಜಿ ಗುಡಿಸಿಬಿಡುತ್ತಾರೆ. ತೋಪಿದ್ದಾಗಿನಷ್ಟು ಇಲ್ಲ, ಕಮ್ಮಿಯಾಗಿದ್ದು ನಿಜ ಎಂದರು ಅಜ್ಜಿ. ಆದರೆ ನಿಂತಿದ್ದು ಒಂದು ವರ್ಷವೂ ಇಲ್ಲ.

ನನಗೆ ಈಗ ಒಂದೇ ಗೊತ್ತಾಗಲಿಲ್ಲ. ಜೀರುಂಡೆಯ ಜೊತೆಗೇ ಬೆಳೆದ ಮನುಷ್ಯ ಮಿಷನ್ನಿನಲ್ಲಿ ಅದನ್ನೇ ಕೇಳಿ ಯಾಕೆ ಗುರುತು ಹಿಡಿಯಲಿಲ್ಲ? ಬೀದಿಗೆ ಬಂದು ಮೇಡಂಗೆ ಫೋನ್ ಮಾಡಿದೆ. ಮೇಡಂ ನಕ್ಕರು. ಮಿಷನ್ನಿನಲ್ಲಿ ಸೀಟಿ ತಡೆಯುವ ಒಂದು ಸೆಟ್ಟಿಂಗ್ ಇದೆ. ಒಂದೇ ಸಮನೆ ಬರುವ ಚೂಪು ಸದ್ದು ಕಂಡರೆ ಅದು ತನ್ನದೇ ಸೀಟಿ ಎಂದುಕೊಂಡು ಅದರ ಮೇಲೆ ಬೀಳುತ್ತದೆ, ಜಗ್ಗುತ್ತದೆ, ಒಡೆಯುತ್ತದೆ. ತಾತನಿಗೆ ಕೇಳಿಸುತ್ತಿರುವುದು ಆ ಗುದ್ದಾಟ. ಅದನ್ನು ಆಫ್ ಮಾಡಿದರೆ ಇದ್ದದ್ದು ಇದ್ದ ಹಾಗೆ ಕೇಳಿಸಬಹುದು. ಮೋಲ್ಡ್ ಬಿಗಿಯಾಗಿ ಕೂತಿದೆ ತಾನೆ, ಪರವಾಗಿಲ್ಲ, ಪ್ರಯತ್ನ ಮಾಡು ಎಂದರು. ಎಡಗಿವಿಗೂ ಒಂದು ಡೆಮೊ ಮಿಷನ್ ತೆಗೆದುಕೊಂಡು ಹೋಗಲೇ ಎಂದೆ. ಯಾಕೆ ಎಂದು ಕೇಳಿದರು. ನಾಳೆ ಹೇಳುತ್ತೇನೆ ಎಂದೆ.

ವಾಪಸ್ ಒಳಗೆ ಹೋದಾಗ ಅಜ್ಜಿ ನನ್ನ ಮುಂದೆ ಮುದ್ದೆಯ ತಟ್ಟೆ ಇಟ್ಟರು. ನಾಳೆ ಏನು ಮಾಡುತ್ತೇನೆ ಎಂದು ಹೇಳಿದೆ. ಅವರಿಗೆ ಭಯವಾಯಿತು.

"ಬ್ಯಾಡ ಕಣಪ್ಪ. ಇಷ್ಟ್ ವರ್ಷ ಊರ್ ತುಂಬ ಹೇಳ್ಕೊಂಡ್ ಬಂದವ್ರೆ, ತಮ್ಮ ಜೀರುಂಡೆ ಕೊಂದ ಅಂತ. ಈಗ ಕಿವೀನೇ ಹೋಗಿತ್ತು ಅಂದ್ರೆ ಮುಖ ಎಲ್ಲಿಟ್ಕೊತಾರೆ? ಹಿಂಗೇ ಇರ್ಲಿ ಬಿಡು. ಆಂ ಅಂದ್ರೆ ನಾನು ಇನ್ನೊಂದ್ ಸಲ ಹೇಳ್ತೀನಿ."

ಮುದ್ದೆ ನುಂಗುತ್ತಾ ಯೋಚನೆ ಮಾಡಿದೆ. ಅಜ್ಜಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡನೇ ಪ್ರೋಗ್ರಾಮಿನಲ್ಲಿ ಬಿಟ್ಟು ಬಂದರೆ ನನ್ನ ಕೆಲಸವೂ ಮುಗಿಯುತ್ತಿತ್ತು, ಗಿರಾಕಿಯ ಕಂಪ್ಲೇಂಟ್ ಇಲ್ಲ, ಮನೆಯಲ್ಲಿ ಜಗಳ ಇಲ್ಲ. ಆದರೆ ಶ ಮತ್ತು ಸ ಕೇಳಿಸದ ಮಿಷನ್ ಹಾಕಿಕೊಂಡು ಆ ಮನುಷ್ಯ ಎಷ್ಟು ದಿನ ಇರುತ್ತಾರೆ? ಮಳೆಗಾಲ ಮುಗಿಯುವಷ್ಟರಲ್ಲಿ ಅದು ಬೀರು ಸೇರುತ್ತದೆ. ಗೋಡೆಯ ಮೇಲೆ ಕೈ ಊರಿಕೊಂಡು ಕೇಳಿದ ತಮ್ಮನ ಮುಖವೂ ನೆನಪಿಗೆ ಬಂತು. ಸುತ್ತಿ ಬಳಸುವುದು ನನಗೆ ಬರುವುದಿಲ್ಲ.

"ಮಿಷನ್ ಹಾಕೋದೇ ಕೇಳ್ಸಕ್ಕೆ ಅಜ್ಜಿ. ಕೇಳುಸ್ಬಾರ್ದು ಅಂದ್ರೆ ನಾನ್ಯಾಕ್ ಬರ್ಬೇಕು?"

ಅಜ್ಜಿ ಇನ್ನೊಂದು ಸೌಟು ಸಾರು ಹಾಕಿದರು.

ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ಲ್ಯಾಪ್‌ಟಾಪ್, ಕೇಬಲ್, ಡೆಮೊ ಮಿಷನ್, ಮೋಲ್ಡಿನ ಬದಲು ಅದಕ್ಕೆ ಹಾಕುವ ರಬ್ಬರ್ ತುದಿಗಳ ಡಬ್ಬಿ ಹಿಡಿದು ಹೋದೆ. ತಾತ ಜಗಲಿಯ ಮೇಲಿದ್ದರು. ಗೋಡೆಯಾಚೆ ತಮ್ಮ ಮರದ ನೆರಳಲ್ಲಿ ಸ್ಕೂಟರ್ ಒರೆಸುತ್ತಿದ್ದರು. ಅಜ್ಜಿ ಅಡುಗೆ ಮನೆಯ ಬಾಗಿಲಲ್ಲಿ ನಿಂತರು. ಆವತ್ತು ಬೆಳಿಗ್ಗೆ ಹಿತ್ತಲು ಗುಡಿಸಿರಲಿಲ್ಲ. ಅದನ್ನು ನಾನು ನೋಡಿದೆ.

ಮೊದಲ ಪ್ರೋಗ್ರಾಮಿಗೆ ತಂದೆ. ತಾತ ಮುಖ ಕಿವುಚಿದರು.

"ನೋಡು, ಶುರು ಹಚ್ಕೊಂತು."

ಸ್ವಲ್ಪ ತಡೀರಿ ಎಂದೆ. ಸೀಟಿ ತಡೆಯುವ ಸೆಟ್ಟಿಂಗ್ ಆಫ್ ಮಾಡಿದೆ.

ತಾತ ಏನೋ ಹೇಳುತ್ತಿದ್ದವರು ನಿಲ್ಲಿಸಿದರು. ಬಾಯಿ ಅರ್ಧ ತೆರೆದೇ ಇತ್ತು. ಕೈ ಎತ್ತಿ ಮಿಷನ್ ಕಿವಿಯಿಂದ ತೆಗೆದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡಿದರು. ಅಂಗೈಯಲ್ಲಿ ಅದು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಮೂರನೇ ಸಲ ಹಾಕಿಕೊಂಡ ಮೇಲೆ ತೆಗೆಯಲಿಲ್ಲ.



ತಾತ ಅಜ್ಜಿಯ ಕಡೆ ತಿರುಗಿದರು. "ಯಾವತ್ತಿಂದ ಕೂಗ್ತಾ ಐತೆ?"

"ನಿಂತೇ ಇರ್ಲಿಲ್ಲ," ಎಂದರು ಅಜ್ಜಿ.

ತಾತನಿಗೆ ಅದು ಕೇಳಿಸಿತು. ಮೊದಲನೇ ಸಲಕ್ಕೇ ಕೇಳಿಸಿತು. ನೆಲ ನೋಡಿದರು. ಕಾಲ ಹತ್ತಿರ ಒಂದು ಚಿಪ್ಪು ಬಿದ್ದಿತ್ತು. ಎತ್ತಿಕೊಂಡರು. ಅದರ ಸೀಳಿದ ಬೆನ್ನನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ಅವರೊಳಗಿನ ಜಗಳಗಂಟ ಮತ್ತೆ ಎದ್ದ. ಕೂಗಿದರೆ ಕೂಗಲಿ, ಇಲ್ಲಿಯದ್ದಲ್ಲ ಎಂದರು. ತುರಹಳ್ಳಿ ಕಾಡಿನ ಕಡೆಯಿಂದ ಗಾಳಿಗೆ ಬರುತ್ತಿದೆ, ಚಿಪ್ಪನ್ನೂ ಗಾಳಿಯೇ ತಂದಿರಬೇಕು, ಇಲ್ಲಿದ್ದದ್ದನ್ನು ಅವನು ಉಳಿಸಿಲ್ಲ ಎಂದು ಜೋರು ಮಾಡಿದರು.

ಇದು ನನಗೆ ಗೊತ್ತಿತ್ತು. ಒಂದೇ ಕಿವಿಯಲ್ಲಿ ಕೇಳಿದರೆ ಸದ್ದು ಇದೆ ಎಂದು ಗೊತ್ತಾಗುತ್ತದೆ, ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ಎರಡು ಕಿವಿ ಬೇಕು. ಯಾವುದಕ್ಕೆ ಮೊದಲು ಬಿತ್ತು, ಯಾವುದಕ್ಕೆ ಜೋರಾಗಿ ಬಿತ್ತು ಎಂದು ತಲೆ ಲೆಕ್ಕ ಹಾಕಿಕೊಳ್ಳುತ್ತದೆ. ಡಬ್ಬಿಯಿಂದ ರಬ್ಬರ್ ತುದಿ ಆರಿಸಿದೆ. ಮೊದಲನೆಯದು ಸಡಿಲ, ಎರಡನೆಯದು ಕೂತಿತು. ಬಲಗಿವಿಯ ಸೆಟ್ಟಿಂಗಿಗೇ ಎಡಗಿವಿಯದ್ದನ್ನೂ ತಂದೆ. ಆನ್ ಮಾಡುವ ಮೊದಲು ತಾತನ ಎದುರಿಗೆ ಕೂತು ಹೇಳಿದೆ.

"ತಾತ, ಬಿಡಕ್ಕೆ ಅಂತ ಇಟ್ಕೊಂಡಿದ್ರಲ್ಲ ಆ ಕಿವಿ, ಇವತ್ತೊಂದಿನ ಕೊಡಿ ನಂಗೆ. ಆಮೇಲೆ ನೀವೇ ಹೇಳಿ, ಎಲ್ಲಿಂದ ಅಂತ."

ಆನ್ ಮಾಡಿದೆ.

ತಾತ ಮೊದಲು ಆಕಾಶ ನೋಡಿದರು. ಆಮೇಲೆ ಟ್ರಾನ್ಸ್‌ಫಾರ್ಮರ್ ಕಡೆ ತಲೆ ತಿರುಗಿಸಿದರು, ನನ್ನ ಥರವೇ. ಅಲ್ಲ ಎನಿಸಿರಬೇಕು. ಮೆಲ್ಲಗೆ ಈ ಕಡೆ ತಿರುಗಿದರು. ತಲೆ ತಿರುಗುತ್ತಾ ತಿರುಗುತ್ತಾ ಒಂದು ಕಡೆ ನಿಂತಿತು. ಎದ್ದರು. ಟವೆಲ್ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಗೋಡೆಯ ತನಕ ನೆಟ್ಟಗೆ ನಡೆದು ಹೋಗಿ ಅದರ ಮೇಲೆ ಎರಡೂ ಕೈ ಊರಿದರು. ಎದುರಿಗೆ ಮಾವಿನ ಮರ. ಬುಡದಲ್ಲಿ ತಮ್ಮ, ಕೈಯಲ್ಲಿ ಒದ್ದೆ ಬಟ್ಟೆ. ನಾನೂ ಹಿಂದೆಯೇ ಹೋದೆ, ಅಷ್ಟು ಹತ್ತಿರದಿಂದ ನೋಡಿದಾಗ ನನಗೂ ಕಂಡಿತು. ಮರದ ಸುತ್ತ ಟಾರು ಇರಲಿಲ್ಲ. ದೊಡ್ಡ ಚೌಕ ಬಿಟ್ಟು ಕಲ್ಲು ಕಟ್ಟಿಸಿ ಮಣ್ಣು ಹಾಗೇ ಉಳಿಸಿದ್ದರು. ಮಣ್ಣಿನ ತುಂಬ ಬೆರಳು ಗಾತ್ರದ ತೂತುಗಳು. ಕಾಂಡದ ಮೇಲೆ ಸಾಲು ಸಾಲು ಚಿಪ್ಪು.

ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಮೇಲೆ ಆ ಹುಳಗಳು ಉಸಿರು ಬಿಡದೆ ಕೂಗುತ್ತಿದ್ದವು.

ಕೊನೆಗೆ ತಾತನೇ ಕೇಳಿದರು. "ಈ ಮರ ಯಾಕ್ಲಾ ಬಿಟ್ಟೆ?"

ತಮ್ಮ ಬಟ್ಟೆ ಹಿಂಡಿದರು. ತಲೆ ಎತ್ತದೆ ಮೆಲ್ಲಗೆ ಹೇಳಿದರು, "ಕೂಗ್ತಾ ಇತ್ತಲ್ಲಣ್ಣ. ಹೆಂಗ್ ಕಡುಸ್ಲಿ?"

ನನಗೆ ಕೇಳಿಸಿತು. ತಾತನಿಗೆ ಕೇಳಿಸಲಿಲ್ಲ. ಎರಡು ಕಿವಿಯ ತುಂಬಾ ಜೀರುಂಡೆಯೇ ಇದ್ದರೆ ಹಾಗೇ ಆಗುವುದು. "ಏನಂದ?" ಎಂದು ನನ್ನ ಕಡೆ ತಿರುಗಿದರು. ನಾನು ಅವರ ಕಿವಿಯ ಹಿಂದೆ ಕೈ ಹಾಕಿದೆ. ಬಟನ್ ಒಂದು ಸಲ ಒತ್ತಿದರೆ ಎರಡನೇ ಪ್ರೋಗ್ರಾಮ್. ಜೀರುಂಡೆ ತಗ್ಗುತ್ತದೆ, ತಮ್ಮನ ಮಾತು ಸ್ವಲ್ಪವಾದರೂ ಸಿಗುತ್ತದೆ.

ತಾತ ನನ್ನ ಕೈ ಹಿಡಿದುಕೊಂಡರು. ಬಿಗಿಯಾಗಿ.

"ಇರ್ಲಿ ಬಿಡು. ಅವ್ನು ಇನ್ನೊಂದ್ ಸಲ ಹೇಳ್ತಾನೆ."